ಸೆರಾಮಿಕ್‌ಗೆ ಲೋಹ ಬೆಸೆಯುವುದು ಹೇಗೆ: ಕುಲುಮೆಗೆ ಇಡುವ ಮುಂಚೆ, ಇಟ್ಟ ಮೇಲೆ, ತೆಗೆಯುವಾಗ

ಕೆಸುವಿನ ಎಲೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಮುತ್ತಿನಂತೆ ಉರುಳಾಡುತ್ತದೆ, ಎಲೆ ಮಾತ್ರ ನೆನೆಯುವುದಿಲ್ಲ. ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಎಂಬ ಬಿಳಿ ಸೆರಾಮಿಕ್ಕಿನ ಬಿಲ್ಲೆಯ ಮೇಲೆ ಬೆಳ್ಳಿ-ತಾಮ್ರದ ಬ್ರೇಜಿಂಗ್ ಲೋಹದ, ಅಂದರೆ ತಾನು ಕರಗಿ ಎರಡು ತುಂಡುಗಳನ್ನು ಬೆಸೆಯುವ ಲೋಹದ, ಚೂರು ಇಟ್ಟು ನಿರ್ವಾತ ಕುಲುಮೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಆಗುವುದು ಇಷ್ಟೇ. ಲೋಹ ಕರಗುತ್ತದೆ, ಗುಂಡಗಾಗುತ್ತದೆ, ತಣ್ಣಗಾದ ಮೇಲೆ ಬೆರಳಲ್ಲಿ ತಳ್ಳಿದರೆ ಬಿದ್ದುಹೋಗುತ್ತದೆ. ಬಿಲ್ಲೆಯ ಮೇಲೆ ಒಂದು ಗುರುತೂ ಉಳಿಯುವುದಿಲ್ಲ.

ಅಲ್ಯುಮಿನಾದಲ್ಲಿ ಅಲ್ಯೂಮಿನಿಯಂ ತನ್ನ ಆಕ್ಸಿಜನ್ನನ್ನು ಬಹಳ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬೆಳ್ಳಿಗಾಗಲಿ ತಾಮ್ರಕ್ಕಾಗಲಿ ಆ ಹಿಡಿತ ಬಿಡಿಸುವ ಶಕ್ತಿ ಇಲ್ಲ, ಹಾಗಾಗಿ ಅಂಟುವುದಕ್ಕೆ ಜಾಗವೇ ಸಿಗುವುದಿಲ್ಲ. ದಾರಿ ಎರಡು. ಒಂದು, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಹಾಗೆ ಸೆರಾಮಿಕ್ ಮೈಗೆ ಮೊದಲೇ ಒಂದು ತೆಳು ಲೋಹದ ಪದರ ಕಟ್ಟಿ, ಆಮೇಲೆ ಆ ಪದರಕ್ಕೆ ಬೇಕಾದ ಲೋಹವನ್ನು ಬೆಸೆಯುವುದು. ಇನ್ನೊಂದು, ಬ್ರೇಜಿಂಗ್ ಲೋಹದೊಳಗೇ ಆಕ್ಸಿಜನ್‌ಗೆ ಹಸಿದ ಟೈಟಾನಿಯಮ್ಮನ್ನು ಸ್ವಲ್ಪ ಬೆರೆಸುವುದು. ಈ ಲೇಖನದಲ್ಲಿ ಎರಡನ್ನೂ ಮಾಡುವ ಕ್ರಮ ಹೇಳುತ್ತೇನೆ. ಆದರೆ ಹೆಚ್ಚು ಹೊತ್ತು ನಿಲ್ಲುವುದು ತಣಿಯುವ ವಿಷಯದಲ್ಲಿ. ನಾನು ಕಂಡಂತೆ ಹಾಳಾದ ಬೆಸುಗೆಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಅಂಟಿದ್ದವು. ಅಂಟಿದ ಮೇಲೆ, ಇಳಿಯುವ ಬಿಸಿಯಲ್ಲಿ ಒಡೆದವು.

ಇದು ಪ್ರಯೋಗಾಲಯದ ಕುತೂಹಲ ಮಾತ್ರ ಅಲ್ಲ. ನಿಮ್ಮೂರಿನ ಸಬ್‌ಸ್ಟೇಷನ್‌ನಲ್ಲಿ 11 ಕಿಲೋವೋಲ್ಟ್ ಲೈನು ಕಡಿಯುವ ಬ್ರೇಕರ್ ಒಳಗೆ ವ್ಯಾಕ್ಯೂಮ್ ಇಂಟರಪ್ಟರ್ ಎಂಬ ಬಿಳಿ ಕೊಳವೆ ಇರುತ್ತದೆ. ಅಲ್ಯುಮಿನಾ ಕೊಳವೆ, ಎರಡೂ ತುದಿಗೆ ಲೋಹದ ಮುಚ್ಚಳ, ಒಳಗೆ ನಿರ್ವಾತ. ಆ ನಿರ್ವಾತ ಇಪ್ಪತ್ತು ವರ್ಷ ಉಳಿಯಬೇಕೆಂದರೆ ಮುಚ್ಚಳದ ಸುತ್ತಲಿನ ಬೆಸುಗೆಯಲ್ಲಿ ಸೂಜಿಮೊನೆಯಷ್ಟೂ ಸೋರಿಕೆ ಇರಬಾರದು. ಎಕ್ಸ್‌ರೇ ಟ್ಯೂಬು, ರೇಡಾರಿನ ಮೈಕ್ರೋವೇವ್ ಟ್ಯೂಬು, ನಿರ್ವಾತ ಪಾತ್ರೆಯೊಳಕ್ಕೆ ಕರೆಂಟು ಒಯ್ಯುವ ಫೀಡ್‌ಥ್ರೂ, ಎಲ್ಲದರ ಕತೆ ಇದೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಇಂಥ ಇಂಟರಪ್ಟರ್‌ಗಳನ್ನು ತಯಾರಿಸುತ್ತ ಬಂದಿದೆ; ಡಿಆರ್‌ಡಿಒ ಸಂಸ್ಥೆಯ ಮೈಕ್ರೋವೇವ್ ಟ್ಯೂಬ್ ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಹಾಗಾಗಿ ಈ ಕೆಲಸದಲ್ಲಿ ಕೈ ಪಳಗಿದವರು ನಮ್ಮ ನಡುವೆಯೇ ಇದ್ದಾರೆ, ಕನ್ನಡದಲ್ಲಿ ಬರೆದವರು ಕಡಿಮೆ ಅಷ್ಟೆ.

ಮೊದಲು ಲೆಕ್ಕ, ಆಮೇಲೆ ಕುಲುಮೆ

30 ಮಿಲಿಮೀಟರ್ ವ್ಯಾಸದ ಅಲ್ಯುಮಿನಾ ಕೊಳವೆಗೆ ಲೋಹದ ಬಳೆ ಬೆಸೆಯಬೇಕು ಅಂದುಕೊಳ್ಳಿ. ಬ್ರೇಜಿಂಗ್ ಲೋಹ 780 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಆ ಕ್ಷಣದಿಂದ ಎರಡೂ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಅಲ್ಲಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ ಅಲ್ಯುಮಿನಾ ವ್ಯಾಸದಲ್ಲಿ ಸುಮಾರು 0.18 ಮಿಲಿಮೀಟರ್ ಕುಗ್ಗುತ್ತದೆ. ತಾಮ್ರ 0.4 ಮಿಲಿಮೀಟರ್‌ಗೂ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚುಕಡಿಮೆ ತಾಮ್ರದಷ್ಟೇ. ಈ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಲೋಹ ಮಣಿದರೆ ಲೋಹದೊಳಗೆ ಹೋಗುತ್ತದೆ. ಮಣಿಯದಿದ್ದರೆ ಸೆರಾಮಿಕ್ ಬಿರುಕು ಬಿಡುತ್ತದೆ.

ಇದಕ್ಕಾಗಿಯೇ ಕೋವಾರ್ ಎಂಬ ಮಿಶ್ರಲೋಹ ಬಳಕೆಗೆ ಬಂತು. ನಿಕ್ಕಲ್ 29 ಭಾಗ, ಕೋಬಾಲ್ಟ್ 17 ಭಾಗ, ಉಳಿದದ್ದು ಕಬ್ಬಿಣ. 400 ಡಿಗ್ರಿಯವರೆಗೆ ಅದು ಹಿಗ್ಗುವುದು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 5 ಭಾಗದಷ್ಟು. ಅಲ್ಯುಮಿನಾ ಸುಮಾರು 7 ಭಾಗ. ಆದರೆ "ಕೋವಾರ್ ತಂದಿದ್ದೇನೆ, ಇನ್ನೇನು ಚಿಂತೆ" ಎಂದು ನಿರಾಳವಾಗಬೇಡಿ. ಸುಮಾರು 435 ಡಿಗ್ರಿ ದಾಟಿದ ಮೇಲೆ ಕೋವಾರ್ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಅದರ ಜೊತೆಗೇ ಕಡಿಮೆ ಹಿಗ್ಗುವ ಗುಣವೂ ಹೋಗುತ್ತದೆ. 800 ಡಿಗ್ರಿಯವರೆಗಿನ ಸರಾಸರಿ ತೆಗೆದರೆ ಅದು 10 ಭಾಗ ದಾಟುತ್ತದೆ. ನಮ್ಮ 30 ಮಿಲಿಮೀಟರ್ ಬಳೆಯಲ್ಲಿ ಅದು ಸುಮಾರು 0.23 ಮಿಲಿಮೀಟರ್ ಕುಗ್ಗು. ಅಲ್ಯುಮಿನಾದ 0.18ಕ್ಕೆ ಹೋಲಿಸಿದರೆ ಇದೂ ಹೆಚ್ಚೇ. ತಾಮ್ರಕ್ಕಿಂತ ಎಷ್ಟೋ ವಾಸಿ, ಅಷ್ಟೇ ಹೇಳಬಹುದು. ಉಳಿದ ವ್ಯತ್ಯಾಸವನ್ನು ಬಳೆಯ ಗೋಡೆ ತೆಳ್ಳಗಿಟ್ಟು ಸರಿದೂಗಿಸಬೇಕು. ಬೆಸುಗೆ ಕೂರುವ ಅಂಚು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಲೋಹವೇ ಬಗ್ಗಿಕೊಂಡು ಸೆರಾಮಿಕ್ಕನ್ನು ಉಳಿಸುತ್ತದೆ.

ಲೋಹ ಹೊರಗಿರಬೇಕೋ ಒಳಗಿರಬೇಕೋ? ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಸೆರಾಮಿಕ್ಕೂ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಅಲ್ಯುಮಿನಾ 2000 ಮೆಗಾಪಾಸ್ಕಲ್‌ಗೂ ಹೆಚ್ಚಿನ ಅದುಮು ತಾಳಬಲ್ಲದು, ಬಾಗಿಸಿದರೆ 300-400ಕ್ಕೇ ಮುರಿಯುತ್ತದೆ. ಆದ್ದರಿಂದ ಹೆಚ್ಚು ಕುಗ್ಗುವ ಲೋಹ ಹೊರಗಿರಲಿ, ಸೆರಾಮಿಕ್ ಒಳಗಿರಲಿ. ಲೋಹದ ಕಡ್ಡಿಯನ್ನು ಸೆರಾಮಿಕ್ ರಂಧ್ರದೊಳಗೆ ಬೆಸೆಯಲೇಬೇಕಾಗಿ ಬಂದರೆ ದಪ್ಪ ಕಡ್ಡಿ ಬೇಡ. ತೆಳು ಕೊಳವೆ ಬಳಸಿ, ಇಲ್ಲವೇ ಮಾಲಿಬ್ಡಿನಂ ಅಥವಾ ನಿಯೋಬಿಯಂ ಆರಿಸಿಕೊಳ್ಳಿ. ನಿಯೋಬಿಯಂ ಹಿಗ್ಗುವುದು ಹೆಚ್ಚುಕಡಿಮೆ ಅಲ್ಯುಮಿನಾದಷ್ಟೇ.

ಲೋಹಕ್ಕೂ ಸೆರಾಮಿಕ್‌ಗೂ ನಡುವಿನ ಸಂದಿನ ಅಳತೆಯನ್ನು ಕೋಣೆಯ ಬಿಸಿಯಲ್ಲಿ ನೋಡಿ ಮೋಸ ಹೋಗಬೇಡಿ, ಲೆಕ್ಕ ಹಾಕಬೇಕಾದದ್ದು ಬ್ರೇಜಿಂಗ್ ಬಿಸಿಯಲ್ಲಿ. ಅಲ್ಲಿ 25ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಂದು ಇದ್ದರೆ ಅದು ಕರಗಿದ ಲೋಹವನ್ನು ತಾನಾಗಿಯೇ ಒಳಗೆ ಹೀರಿಕೊಳ್ಳುತ್ತದೆ. ಲೋಹ ಹೊರಗಿದ್ದರೆ ಕಾದಾಗ ಸಂದು ಅಗಲವಾಗುತ್ತದೆ, ಆದ್ದರಿಂದ ತಣ್ಣಗಿರುವಾಗ ಬಿಗಿ ಇಡಿ. ಒಳಗಿದ್ದರೆ ಸಂದು ಕಿರಿದಾಗುತ್ತದೆ, ಸಡಿಲ ಇಡಿ.

ಕೊಳವೆಯ ತುದಿಗೆ ತೆಳು ಲೋಹದ ಬಿಲ್ಲೆ ಕೂರಿಸುವಾಗ ಒಂದು ಒಳ್ಳೆಯ ಉಪಾಯವಿದೆ. ಬಿಲ್ಲೆಯ ಇನ್ನೊಂದು ಬದಿಗೂ ಅದೇ ಅಲ್ಯುಮಿನಾದ ಒಂದು ಬಳೆಯನ್ನು ಬೆಸೆಯಿರಿ. ಎರಡೂ ಬದಿಯಿಂದ ಸಮವಾಗಿ ಎಳೆದರೆ ಬಿಲ್ಲೆ ಡೊಂಕಾಗುವುದಿಲ್ಲ, ಸೆರಾಮಿಕ್ ಅಂಚಿನ ಮೇಲೆ ಎತ್ತುವ ಬಲ ಬೀಳುವುದಿಲ್ಲ. ಒಂದು ಬಳೆಯ ಖರ್ಚಿನಲ್ಲಿ ಇಷ್ಟು ಲಾಭ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಸೆರಾಮಿಕ್ಕನ್ನು ಗಟ್ಟಿ ಮಾಡಿಕೊಳ್ಳುವುದು

ಸೆರಾಮಿಕ್ ತುಂಡಿನ ಬಲವನ್ನು ನಿರ್ಧರಿಸುವುದು ಅದರೊಳಗಿನ ಅತಿ ದೊಡ್ಡ ಬಿರುಕು. ವಜ್ರದ ಚಕ್ರದಲ್ಲಿ ಅರೆದ ಮೈ ಕಣ್ಣಿಗೆ ನುಣ್ಣಗೆ ಕಂಡರೂ ಅದರಡಿಯಲ್ಲಿ ಕೆಲವು ಹತ್ತು ಮೈಕ್ರಾನ್ ಆಳದ ಸೀಳುಗಳು ಹುದುಗಿರುತ್ತವೆ. ಅವುಗಳ ಮೇಲೆಯೇ ಬೆಸೆದರೆ, ತಣಿಯುವಾಗ ಎಳೆತ ಶುರುವಾಗುವ ಜಾಗವೂ ಅದೇ, ಸೀಳು ಇರುವ ಜಾಗವೂ ಅದೇ.

ಮಾಡಬೇಕಾದ್ದು ಮೂರು. ಅರೆಯುವಾಗಲೇ ಕೊನೆಯ ಸುತ್ತುಗಳನ್ನು ನಯವಾದ ಚಕ್ರದಲ್ಲಿ, ಕಡಿಮೆ ಕಡಿತದಲ್ಲಿ ಮುಗಿಸಿ. ಅಂಚುಗಳನ್ನು ಚೂಪಾಗಿ ಬಿಡದೆ ಮೊಂಡು ಮಾಡಿ. ಅರೆದ ತುಂಡನ್ನು ಗಾಳಿಯಲ್ಲೇ 1500 ಡಿಗ್ರಿ ಮೇಲಿನ ಬಿಸಿಯಲ್ಲಿ ಗಂಟೆಯ ಹೊತ್ತು ಮತ್ತೆ ಸುಡಿ. ಅಲ್ಯುಮಿನಾ ಆ ಬಿಸಿಯಲ್ಲಿ ಮೇಲ್ಮೈ ಸೀಳುಗಳ ಮೊನೆಯನ್ನು ತಾನೇ ಮಾಯಿಸಿಕೊಳ್ಳುತ್ತದೆ. ಮತ್ತೆ ಸುಟ್ಟ ತುಂಡಿನ ಬೆಸುಗೆಗೂ, ಅರೆದು ನೇರವಾಗಿ ಬೆಸೆದ ತುಂಡಿನ ಬೆಸುಗೆಗೂ ಬಲದಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

ಬಿರುಕು ಹುಡುಕಲು ಬಣ್ಣದ ದ್ರಾವಣದಲ್ಲಿ ಅದ್ದಿ, ತೊಳೆದು, ಒರೆಸಿ ನೋಡಿ. ಬಿರುಕಿದ್ದಲ್ಲಿ ಬಣ್ಣದ ಎಳೆ ಉಳಿಯುತ್ತದೆ. ಪಾಸಾದ ತುಂಡುಗಳನ್ನು ಮಾರ್ಜಕದ ಬಿಸಿನೀರು, ಶುದ್ಧ ನೀರು, ಅಸಿಟೋನ್, ಹೀಗೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಗಾಳಿಯಲ್ಲಿ 1000 ಡಿಗ್ರಿಗೆ ಒಂದು ಗಂಟೆ ಕಾಯಿಸಿ. ಬಣ್ಣ, ಬೆರಳ ಎಣ್ಣೆ, ಧೂಳು ಎಲ್ಲ ಸುಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಹೆಬ್ಬೆರಳ ಗುರುತು ಸಾಕು, ಆ ಜಾಗದಲ್ಲಿ ಮಾತ್ರ ಲೋಹ ಹಿಡಿಯದೆ ದ್ವೀಪದಂತೆ ಬಿಳಿ ಉಳಿಯುತ್ತದೆ.

ಬೆರಿಲಿಯಾ ಎಂಬ ಸೆರಾಮಿಕ್ ಕೂಡ ಹಳೆಯ ಟ್ಯೂಬುಗಳಲ್ಲಿ ಇರುತ್ತದೆ, ಅದೂ ಬಿಳಿಯೇ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಯಾವುದೆಂದು ಖಾತ್ರಿಯಿಲ್ಲದ ಹಳೆಯ ತುಂಡನ್ನು ಎಂದೂ ಅರೆಯಬೇಡಿ, ಒಡೆಯಬೇಡಿ.

ಮೊದಲ ದಾರಿ: ಮಾಲಿಬ್ಡಿನಂ-ಮ್ಯಾಂಗನೀಸ್ ಪದರ

ಸೆರಾಮಿಕ್ ಮೇಲೆ ಲೋಹದ ಪುಡಿಯನ್ನು ಸುಟ್ಟು ಪದರ ಕಟ್ಟುವ ವಿದ್ಯೆ 1930ರ ದಶಕದಲ್ಲಿ ಜರ್ಮನಿಯ ಟೆಲಿಫಂಕನ್ ಕಂಪನಿಯಲ್ಲಿ, ರೇಡಿಯೋ ವಾಲ್ವುಗಳ ಕೆಲಸದಲ್ಲಿ ಬೆಳೆಯಿತು. ಮುಂದೆ ಮ್ಯಾಂಗನೀಸ್ ಸೇರಿ ಅದು ಇನ್ನಷ್ಟು ಗಟ್ಟಿಯಾಯಿತು. ಇಂದಿಗೂ ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ನಂಬುವುದು ಇದನ್ನೇ.

ಇದಕ್ಕೆ 94ರಿಂದ 96 ಶೇಕಡಾ ಅಲ್ಯುಮಿನಾ ಬೇಕು. ಹೆಚ್ಚು ಶುದ್ಧವಾದದ್ದು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಇಲ್ಲಿ ಅಲ್ಲ. ಉಳಿದ 4-6 ಭಾಗ ಸಿಲಿಕಾ ಮುಂತಾದವುಗಳ ಗಾಜು, ಅಲ್ಯುಮಿನಾ ಕಾಳುಗಳ ನಡುವೆ ತುಂಬಿಕೊಂಡಿರುತ್ತದೆ. ಈ ದಾರಿಯಲ್ಲಿ ಅಂಟು ಎಂದರೆ ಆ ಗಾಜೇ. 99.5 ಶೇಕಡಾ ಅಲ್ಯುಮಿನಾದಲ್ಲಿ ಗಾಜು ಸಾಲದು. ಅದಕ್ಕೆ ಗಾಜಿನ ಪುಡಿ ಬೆರೆಸಿದ ಬೇರೆ ಪೇಸ್ಟು ಬೇಕು, ಅಥವಾ ಎರಡನೆಯ ದಾರಿ ಹಿಡಿಯಬೇಕು.

ಪೇಸ್ಟು ಹೀಗೆ. ಕೆಲವೇ ಮೈಕ್ರಾನ್ ಗಾತ್ರದ ಮಾಲಿಬ್ಡಿನಂ ಪುಡಿ ತೂಕದಲ್ಲಿ 80 ಭಾಗ, ಮ್ಯಾಂಗನೀಸ್ ಪುಡಿ 20 ಭಾಗ. ಎಥಿಲ್ ಸೆಲ್ಯುಲೋಸ್ ಅಥವಾ ನೈಟ್ರೋಸೆಲ್ಯುಲೋಸ್ ಕರಗಿಸಿದ ದ್ರವದಲ್ಲಿ ಕಲಸಿ, ಮೊಸರಿನ ಹದಕ್ಕೆ ತನ್ನಿ. ಬ್ರಷ್ಷಿನಲ್ಲಾಗಲಿ, ಸ್ಕ್ರೀನ್ ಪ್ರಿಂಟಿಂಗಿನಲ್ಲಾಗಲಿ ಹಚ್ಚಿ, ಒಣಗಿಸಿ. ಸುಟ್ಟ ಮೇಲೆ 10ರಿಂದ 25 ಮೈಕ್ರಾನ್ ದಪ್ಪ ಉಳಿಯುವಂತೆ ಹಚ್ಚಬೇಕು. ದಪ್ಪ ಹೆಚ್ಚಾದರೆ ಮೇಲಿನ ಭಾಗಕ್ಕೆ ಗಾಜು ತಲುಪದೆ ಅದು ಪುಡಿಪುಡಿಯಾಗಿಯೇ ಉಳಿಯುತ್ತದೆ.

ಸುಡುವುದು ಜಲಜನಕದ ಅಥವಾ ಜಲಜನಕ-ಸಾರಜನಕ ಮಿಶ್ರಣದ ಕುಲುಮೆಯಲ್ಲಿ, 1400ರಿಂದ 1500 ಡಿಗ್ರಿಯಲ್ಲಿ, ಅರ್ಧ-ಮುಕ್ಕಾಲು ಗಂಟೆ. ಇಲ್ಲಿ ಒಂದು ಸೊಗಸಿದೆ. ಜಲಜನಕವನ್ನು ನೀರಿನ ಮೂಲಕ ಹಾಯಿಸಿ ಬೇಕೆಂದೇ ಒದ್ದೆ ಮಾಡುತ್ತೇವೆ. ಆ ಅನಿಲದಲ್ಲಿರುವ ಚೂರು ತೇವ ಮ್ಯಾಂಗನೀಸನ್ನು ಆಕ್ಸೈಡ್ ಮಾಡಲು ಸಾಕು, ಮಾಲಿಬ್ಡಿನಮ್ಮನ್ನು ಆಕ್ಸೈಡ್ ಮಾಡಲು ಸಾಲದು. ಮಾಲಿಬ್ಡಿನಂ ಕರಗುವುದು 2600 ಡಿಗ್ರಿಯ ಮೇಲೆ, ಹಾಗಾಗಿ ಅದು ಇಲ್ಲಿ ಕರಗದೆ ಕಾಳುಗಳು ಒಂದಕ್ಕೊಂದು ಕಚ್ಚಿಕೊಂಡು ಜಾಲರಿಯಾಗುತ್ತದೆ. ಮ್ಯಾಂಗನೀಸ್ ಆಕ್ಸೈಡ್ ಸೆರಾಮಿಕ್ಕಿನ ಗಾಜಿನೊಂದಿಗೆ ಬೆರೆತು ಅದನ್ನು ತೆಳ್ಳಗೆ ಮಾಡುತ್ತದೆ. ಆ ಗಾಜು, ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ, ಜಾಲರಿಯ ತೂತುಗಳೊಳಕ್ಕೆ ಏರುತ್ತದೆ. ತಣ್ಣಗಾದಾಗ ಸೆರಾಮಿಕ್ಕಿನಿಂದ ಹೊರಟ ಬೇರುಗಳು ಲೋಹದ ಜಾಲರಿಯೊಳಗೆ ಸಿಕ್ಕಿಕೊಂಡಿರುತ್ತವೆ. ಒಣ ಜಲಜನಕದಲ್ಲಿ ಸುಟ್ಟರೆ ಇದು ಆಗುವುದಿಲ್ಲ, ಪದರ ಚಕ್ಕೆಯಾಗಿ ಏಳುತ್ತದೆ.

ಸರಿಯಾಗಿ ಸುಟ್ಟ ಪದರ ಮಬ್ಬು ಬೂದು ಬಣ್ಣ. ಸ್ಟೀಲ್ ಸೂಜಿಯಿಂದ ಗೀರಿದರೆ ಹೊಳೆಯುವ ಗೆರೆ ಮೂಡಬೇಕು, ಪುಡಿ ಉದುರಬಾರದು. ಅದರ ಮೇಲೆ 2ರಿಂದ 5 ಮೈಕ್ರಾನ್ ನಿಕ್ಕಲ್ ಪ್ಲೇಟಿಂಗ್ ಮಾಡಿಸಿ, ಒಣ ಜಲಜನಕದಲ್ಲಿ ಸುಮಾರು 950 ಡಿಗ್ರಿಗೆ ಕಾಯಿಸಿ ನಿಕ್ಕಲನ್ನು ಕೂರಿಸಿ. ಬ್ರೇಜಿಂಗ್ ಲೋಹ ಹರಡುವುದು ಈ ನಿಕ್ಕಲ್ ಮೇಲೆ. ನಂತರ 72 ಭಾಗ ಬೆಳ್ಳಿ, 28 ಭಾಗ ತಾಮ್ರದ ತಂತಿಯ ಬಳೆಯನ್ನು ಸಂದಿನ ಬಾಯಿಗಿಟ್ಟು 820 ಡಿಗ್ರಿ ಆಸುಪಾಸಿನಲ್ಲಿ ಕೆಲವು ನಿಮಿಷ ಹಿಡಿದರೆ ಲೋಹ ಸಂದಿನ ಉದ್ದಕ್ಕೂ ಓಡುತ್ತದೆ.

ಜಲಜನಕ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಸ್ಫೋಟಿಸಬಲ್ಲದು. ಕುಲುಮೆಯ ಗಾಳಿಯನ್ನು ಸಾರಜನಕದಿಂದ ಪೂರ್ತಿ ಹೊರದೂಡದೆ ಜಲಜನಕದ ಕವಾಟ ತೆರೆಯುವಂತಿಲ್ಲ. ನಿಲ್ಲಿಸುವಾಗಲೂ ಅದೇ ಕ್ರಮ. ಈ ವ್ಯವಸ್ಥೆ ಇಲ್ಲದ ಸಣ್ಣ ಲ್ಯಾಬಿನವರಿಗೆ ನನ್ನ ಸಲಹೆ: ಪದರ ಕಟ್ಟಿ ನಿಕ್ಕಲ್ ಹಾಕಿದ ಸೆರಾಮಿಕ್ಕನ್ನು ತಯಾರಕರಿಂದಲೇ ಕೊಳ್ಳಿ, ಬ್ರೇಜಿಂಗ್ ಮಾತ್ರ ನೀವು ಮಾಡಿ.

ಕೋವಾರ್ ಬಗ್ಗೆ ಇನ್ನೊಂದು ಎಚ್ಚರ. ಲೇತಿನಲ್ಲಿ ತಿರುಗಿಸಿದ ಅಥವಾ ಪ್ರೆಸ್ಸಿನಲ್ಲಿ ಎಳೆದ ಕೋವಾರ್ ಒಳಗೆ ಬಿಗುವು ಉಳಿದಿರುತ್ತದೆ. ಕರಗಿದ ಬೆಳ್ಳಿ ಬಿಗುವಿನಲ್ಲಿರುವ ಕೋವಾರಿನ ಕಾಳುಗಳ ಸಂದಿನೊಳಗೆ ನುಗ್ಗಿ ಅದನ್ನು ಸೀಳಿಬಿಡುತ್ತದೆ. ಬೆಸುಗೆ ನೋಡಲು ಅಂದವಾಗಿರುತ್ತದೆ, ಬಳೆ ಮಾತ್ರ ಸೋರುತ್ತದೆ. ಮೊದಲೇ ಜಲಜನಕದಲ್ಲಿ 900 ಡಿಗ್ರಿ ಮೇಲೆ ಕಾಯಿಸಿ ಬಿಗುವು ಇಳಿಸಿ, ನಿಕ್ಕಲ್ ಲೇಪಿಸಿ.

ಎರಡನೆಯ ದಾರಿ: ಟೈಟಾನಿಯಂ ಬೆರೆತ ಫಾಯಿಲ್

ನಿಮ್ಮಲ್ಲಿ ಒಳ್ಳೆಯ ನಿರ್ವಾತ ಕುಲುಮೆ ಇದ್ದರೆ ಇದು ಚಿಕ್ಕ ದಾರಿ. ಬೆಳ್ಳಿ-ತಾಮ್ರದೊಳಗೆ ಶೇಕಡಾ 2ರಿಂದ 4.5ರಷ್ಟು ಟೈಟಾನಿಯಂ ಇರುವ ಫಾಯಿಲ್ ಸಿಗುತ್ತದೆ, 50 ಮೈಕ್ರಾನ್ ದಪ್ಪದ್ದು ಅನುಕೂಲ. ಕರಗಿದಾಗ ಟೈಟಾನಿಯಂ ಸೆರಾಮಿಕ್ ಮೈಗೆ ಹೋಗಿ ಕೂತು, ಅಲ್ಯುಮಿನಾದ ಆಕ್ಸಿಜನ್ ಕಿತ್ತುಕೊಂಡು, ಒಂದೆರಡು ಮೈಕ್ರಾನ್ ದಪ್ಪದ ಹೊಸ ಪದರ ಕಟ್ಟುತ್ತದೆ. ಆ ಪದರಕ್ಕೆ ಲೋಹದ ಗುಣವಿದೆ, ಬೆಳ್ಳಿ-ತಾಮ್ರ ಅದರ ಮೇಲೆ ಸಲೀಸಾಗಿ ಹರಡುತ್ತದೆ. ಶುದ್ಧ ಅಲ್ಯುಮಿನಾ, ಜಿರ್ಕೋನಿಯಾ, ಸಿಲಿಕಾನ್ ನೈಟ್ರೈಡ್ ಎಂಬ ಬೇರೆ ಸೆರಾಮಿಕ್‌ಗಳು, ಎಲ್ಲಕ್ಕೂ ಇದು ಒದಗುತ್ತದೆ. ನೈಟ್ರೈಡ್ ಆದರೆ ಕಟ್ಟುವುದು ಟೈಟಾನಿಯಂ ನೈಟ್ರೈಡ್ ಪದರ.

ಆದರೆ ಈ ಲೋಹ ಸಂದಿನೊಳಗೆ ತಾನಾಗಿ ಓಡುವುದಿಲ್ಲ. ಹೋಗುವ ದಾರಿಯಲ್ಲೇ ಟೈಟಾನಿಯಂ ಖರ್ಚಾಗಿ ನಿಂತುಬಿಡುತ್ತದೆ. ಬಾಯಿಗೆ ತಂತಿ ಇಟ್ಟು ಕಾಯುವ ಬದಲು, ಫಾಯಿಲನ್ನು ಬೆಸುಗೆಯ ಆಕಾರಕ್ಕೇ ಕತ್ತರಿಸಿ ಎರಡು ಮೈಗಳ ನಡುವೆ ಇಡಿ. ಮೇಲೆ ಸಣ್ಣ ತೂಕ ಇಡಿ. ಹೆಚ್ಚಾದರೆ ಲೋಹವೆಲ್ಲ ಹೊರಗೆ ಹಿಂಡಿ ಹೋಗುತ್ತದೆ.

ಕುಲುಮೆಯ ನಿರ್ವಾತ ಒಂದು ಮಿಲಿಬಾರಿನ ಲಕ್ಷದಲ್ಲೊಂದು ಭಾಗಕ್ಕೆ ಇಳಿಯಬೇಕು. ಸಾರಜನಕ ಬಿಡಬೇಡಿ, ಟೈಟಾನಿಯಂ ಅದನ್ನೂ ತಿನ್ನುತ್ತದೆ. ಅನಿಲವೇ ಬೇಕಿದ್ದರೆ ಅತಿ ಶುದ್ಧ ಆರ್ಗಾನ್. ಫ್ಲಕ್ಸ್ (ಲೋಹದ ಮೈಯ ಆಕ್ಸೈಡ್ ಕರಗಿಸಲು ಹಚ್ಚುವ ಪುಡಿ ಅಥವಾ ಪೇಸ್ಟು) ಬೇಡ. ಅಂಗಡಿಯಲ್ಲಿ ಸಿಗುವ ಸತು ಅಥವಾ ಕ್ಯಾಡ್ಮಿಯಂ ಬೆರೆತ ಬೆಳ್ಳಿ ಬೆಸುಗೆಯನ್ನು ನಿರ್ವಾತ ಕುಲುಮೆಗೆ ತೋರಿಸಲೂಬೇಡಿ, ಆವಿಯಾಗಿ ಇಡೀ ಕುಲುಮೆ ಕೆಡುತ್ತದೆ.

ಬಿಸಿಯ ಕ್ರಮ ನಾನು ಸಾಮಾನ್ಯವಾಗಿ ಇಡುವುದು ಹೀಗೆ. ನಿಮಿಷಕ್ಕೆ 10 ಡಿಗ್ರಿಯಂತೆ 740ರವರೆಗೆ ಏರಿಸಿ ಅಲ್ಲಿ 15-20 ನಿಮಿಷ ನಿಲ್ಲಿಸುತ್ತೇನೆ. ಸೆರಾಮಿಕ್ ನಿಧಾನವಾಗಿ ಕಾಯುವ ವಸ್ತು. ಒಳಹೊರಗಿನ ಬಿಸಿ ಸಮವಾಗಬೇಕು, ಆವಿಯೆಲ್ಲ ಹೊರಬಂದು ನಿರ್ವಾತ ಚೇತರಿಸಿಕೊಳ್ಳಬೇಕು. ಆಮೇಲೆ ಬೇಗ ಏರಿಸಿ, ಟೈಟಾನಿಯಂ ಕಡಿಮೆ ಇರುವ ಫಾಯಿಲ್ ಆದರೆ 830-850ರಲ್ಲಿ, ಹೆಚ್ಚಿರುವುದಾದರೆ 900 ದಾಟಿಸಿ, 5ರಿಂದ 10 ನಿಮಿಷ. ಅರ್ಧ ಗಂಟೆ ಹಿಡಿದರೆ ಇನ್ನೂ ಗಟ್ಟಿಯಾಗುತ್ತದೆ ಎಂಬುದು ತಪ್ಪು. ಟೈಟಾನಿಯಂ ಪದರ ದಪ್ಪವಾದಷ್ಟೂ ಪೆಡಸು.

ಇನ್ನೊಂದು ಬದಿ ಕೋವಾರ್ ಆಗಿದ್ದರೆ ಸಮಸ್ಯೆಯಿದೆ. ಟೈಟಾನಿಯಮ್ಮಿಗೆ ನಿಕ್ಕಲ್, ಕಬ್ಬಿಣ ಎರಡೂ ಬಹಳ ಇಷ್ಟ. ಸೆರಾಮಿಕ್ ಕಡೆ ಹೋಗಬೇಕಾದದ್ದು ಕೋವಾರ್ ಕಡೆ ಸರಿದು, ಅಲ್ಲಿ ಪೆಡಸಾದ ಸಂಯುಕ್ತ ಕಟ್ಟುತ್ತದೆ. ಸೆರಾಮಿಕ್ ಕಡೆ ಬಡವಾಗುತ್ತದೆ. ನಡುವೆ ತೆಳು ಮಾಲಿಬ್ಡಿನಂ ಹಾಳೆ ಇಡುವುದು ಒಳ್ಳೆಯ ಪರಿಹಾರ: ಫಾಯಿಲ್, ಮಾಲಿಬ್ಡಿನಂ, ಮತ್ತೆ ಬೆಳ್ಳಿ-ತಾಮ್ರದ ಫಾಯಿಲ್, ಆಮೇಲೆ ಕೋವಾರ್. ಮಾಲಿಬ್ಡಿನಂ ಗೋಡೆಯಾಗಿಯೂ ನಿಲ್ಲುತ್ತದೆ, ಅದರ ಹಿಗ್ಗು ಕಡಿಮೆಯಾದ್ದರಿಂದ ಎಳೆತವನ್ನೂ ಹಂಚಿಕೊಳ್ಳುತ್ತದೆ. ಮೆತ್ತನೆಯ ತಾಮ್ರದ ಹಾಳೆಯೂ ನಡುವೆ ಇರಬಹುದು, ಅದು ತಾನು ಬಗ್ಗಿ ಸೆರಾಮಿಕ್ಕನ್ನು ಕಾಯುತ್ತದೆ. ಸಿಲಿಕಾನ್ ನೈಟ್ರೈಡನ್ನು ಉಕ್ಕಿಗೆ ಬೆಸೆಯುವಾಗಲಂತೂ ಇಂಥ ನಡುಪದರ ಇಲ್ಲದೆ ಆಗುವುದೇ ಇಲ್ಲ, ಅಲ್ಲಿ ಹಿಗ್ಗಿನ ವ್ಯತ್ಯಾಸ ನಾಲ್ಕು ಪಟ್ಟು.

ತಣಿಸುವುದು

ನನ್ನ ಮೊದಲ ಬೆಸುಗೆ ಸ್ಟೇನ್‌ಲೆಸ್ ಬಳೆ ಹೊರಗೆ, ಅಲ್ಯುಮಿನಾ ಕೊಳವೆ ಒಳಗೆ. ಬಳೆಯ ಗೋಡೆ 2 ಮಿಲಿಮೀಟರ್ ದಪ್ಪ ಇಟ್ಟಿದ್ದೆ, ಗಟ್ಟಿಯಿರಲಿ ಎಂದು. ಕುಲುಮೆಯ ಕಿಟಕಿಯಲ್ಲಿ ನೋಡಿದಾಗ ಬೆಳ್ಳಿ ಲೋಹ ಸುತ್ತಲೂ ಕನ್ನಡಿಯ ಹಾಗೆ ಹರಡಿತ್ತು. ಮಧ್ಯಾಹ್ನ ಮೀಟರು 280 ಡಿಗ್ರಿ ತೋರಿಸುತ್ತಿತ್ತು. ಬಾಗಿಲು ತೆಗೆಯೋಣ ಎಂದೆ. ಕುಲುಮೆ ನೋಡಿಕೊಳ್ಳುತ್ತಿದ್ದ ಹಿರಿಯರು, "ಇನ್ನೂ ಬಿಸಿ ಇದೆ ಸಾರ್, ಊಟ ಮಾಡ್ಕೊಂಡು ಬನ್ನಿ, ಅದು ಎಲ್ಲೂ ಹೋಗಲ್ಲ" ಎಂದರು. ನಾನು ಕೇಳಲಿಲ್ಲ. ಗಾಳಿ ಬಿಟ್ಟು, ಬಾಗಿಲು ತೆಗೆದು, ಇಕ್ಕಳದಲ್ಲಿ ಹಿಡಿದು ತಟ್ಟೆಗಿಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ, "ಟಿಕ್" ಎಂದಿತು. ಗಾಜಿನ ಬಳೆ ಒಡೆದಷ್ಟೇ ಸಣ್ಣ ಸದ್ದು. ಬಳೆಯ ಅಂಚಿನಿಂದ ಎರಡು ಮಿಲಿಮೀಟರ್ ಕೆಳಗೆ ಕೊಳವೆಯ ಸುತ್ತ ಕೂದಲೆಳೆಯಂಥ ಗೆರೆ. ಕೈಯಲ್ಲಿ ಎತ್ತಿದರೆ ಕೊಳವೆ ತಟ್ಟೆಯಲ್ಲೇ ಉಳಿಯಿತು, ಬಳೆ ಒಂದು ಬಿಳಿ ಉಂಗುರವನ್ನು ಅಪ್ಪಿಕೊಂಡು ಮೇಲೆ ಬಂತು. ಬೆಸುಗೆ ಬಿಟ್ಟಿರಲಿಲ್ಲ. ಪಕ್ಕದ ಸೆರಾಮಿಕ್ ಮುರಿದಿತ್ತು.

ಅದುಮು ಒಳ್ಳೆಯದು ಎಂದು ಮೇಲೆ ಹೇಳಿದೆನಲ್ಲ, ಅದು ಬಳೆಯ ಕೆಳಗೆ ಮಾತ್ರ. ಬಳೆ ಮುಗಿಯುವ ಅಂಚಿನಲ್ಲಿ ಅದುಮಿದ ಭಾಗ ಮತ್ತು ಅದುಮದ ಭಾಗದ ನಡುವೆ ಕೊಳವೆ ಸೊಂಟದಂತೆ ಬಾಗಬೇಕಾಗುತ್ತದೆ, ಅಲ್ಲಿ ಉದ್ದಕ್ಕೆ ಎಳೆತ ಹುಟ್ಟುತ್ತದೆ. ದಪ್ಪ ಬಳೆ, ಮೇಲಿಂದ ತಣ್ಣನೆಯ ಗಾಳಿ, ಎರಡೂ ಸೇರಿ ಅದನ್ನು ಮುರಿದವು. ಮುಂದಿನ ಸಲ ಬಳೆಯ ಅಂಚನ್ನು 0.4 ಮಿಲಿಮೀಟರ್‌ಗೆ ಇಳಿಜಾರಾಗಿ ತೆಳು ಮಾಡಿಸಿದೆ, ಕುಲುಮೆಯನ್ನು ರಾತ್ರಿಯಿಡೀ ಮುಚ್ಚಿಯೇ ಬಿಟ್ಟೆ. ಆ ಕೊಳವೆ ಉಳಿಯಿತು.

ಹಾಗಾಗಿ ಕ್ರಮ ಇದು. ಲೋಹ ಗಟ್ಟಿಯಾಗುವ 780ರಿಂದ 300ರವರೆಗೆ ನಿಮಿಷಕ್ಕೆ 5 ಡಿಗ್ರಿ ಮೀರದಂತೆ ಇಳಿಸಿ. ದೊಡ್ಡ ತುಂಡಾದರೆ 2-3 ಡಿಗ್ರಿ. ಬಿಸಿಯಿರುವಾಗ ತಾಮ್ರ, ಬೆಳ್ಳಿ ಮೆತ್ತಗಿರುತ್ತವೆ, ಸಮಯ ಕೊಟ್ಟರೆ ನಿಧಾನವಾಗಿ ಹರಿದು ಬಿಗುವು ಇಳಿಸಿಕೊಳ್ಳುತ್ತವೆ. ಅದಕ್ಕಾಗಿ 500 ಡಿಗ್ರಿ ಹತ್ತಿರ ಅರ್ಧ ಗಂಟೆ ನಿಲ್ಲಿಸುವುದೂ ಉಂಟು. 300ರ ಕೆಳಗೆ ಕುಲುಮೆ ತಾನಾಗಿ ತಣಿಯಲಿ. 60 ಡಿಗ್ರಿ ಆಗುವ ಮುಂಚೆ ಗಾಳಿ ಬಿಡಬೇಡಿ.

ಪರೀಕ್ಷೆ, ಮತ್ತು ಮುರಿದದ್ದನ್ನು ಓದುವುದು

ಮೊದಲು ಕಣ್ಣು. ಬೆಸುಗೆಯ ಅಂಚಿನಲ್ಲಿ ಲೋಹ ಎರಡೂ ಕಡೆಗೆ ಒಳಬಾಗಿ ಇಳಿದಿರಬೇಕು. ಹೊರಕ್ಕೆ ಉಬ್ಬಿ ಗುಂಡಗೆ ನಿಂತಿದ್ದರೆ ಅಲ್ಲಿ ಹಿಡಿದಿಲ್ಲ. ಆಮೇಲೆ ಹೀಲಿಯಂ ಸೋರಿಕೆ ಪರೀಕ್ಷೆ. ಒಳಗಿನ ಗಾಳಿ ತೆಗೆದು ಹೊರಗಿಂದ ಹೀಲಿಯಂ ಊದಿದಾಗ, ಸೋರಿಕೆ ಸೆಕೆಂಡಿಗೆ ಒಂದು ಮಿಲಿಬಾರ್-ಲೀಟರಿನ ಶತಕೋಟಿಯಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದರೆ ನಿರ್ವಾತದ ಕೆಲಸಕ್ಕೆ ಅರ್ಹ. ಅಷ್ಟಕ್ಕೇ ನಿಲ್ಲಿಸದೆ, ಬಳಕೆಯಲ್ಲಿ ಎದುರಾಗುವ ಬಿಸಿಗೂ ಕೋಣೆಯ ಬಿಸಿಗೂ ನಡುವೆ ಹತ್ತು ಬಾರಿ ಏರಿಳಿಸಿ ಮತ್ತೆ ಸೋರಿಕೆ ನೋಡಿ. ಮೊದಲ ದಿನ ಪಾಸಾಗಿ, ಹತ್ತನೆಯ ಸುತ್ತಿನಲ್ಲಿ ಸೋರುವ ತುಂಡುಗಳು ಇರುತ್ತವೆ.

ಒಂದೇ ಸರದಿಯಲ್ಲಿ ಮಾಡಿದ ಎರಡು ಮೂರು ತುಂಡುಗಳನ್ನು ಮುರಿಯುವುದಕ್ಕೆಂದೇ ತೆಗೆದಿಡಿ. ಎಳೆದು ಮುರಿದ ಮೇಲೆ ಎರಡೂ ಮೈಗಳನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಲೋಹದ ಕಡೆ ಬಿಳಿ ಸೆರಾಮಿಕ್ ಅಂಟಿಕೊಂಡು ಬಂದಿದ್ದರೆ ಸಂತೋಷಪಡಿ, ಬೆಸುಗೆ ಸೆರಾಮಿಕ್ಕಿಗಿಂತ ಗಟ್ಟಿ. ಆದರೆ ಅದೇ ಬಿಳಿ ಚೂರು ಬಾಲಚಂದ್ರನ ಆಕಾರದಲ್ಲಿ ಅಂಚಿನಲ್ಲಿ ಮಾತ್ರ ಎದ್ದು, ಮುರಿದ ಬಲ ಕಡಿಮೆಯಾಗಿದ್ದರೆ ಒಳಗೆ ಬಿಗುವು ಉಳಿದಿತ್ತು ಎಂದರ್ಥ. ತಣಿಸುವ ಕ್ರಮ ಅಥವಾ ಲೋಹದ ದಪ್ಪ ಬದಲಿಸಿ. ಸೆರಾಮಿಕ್ ಮೈ ನುಣ್ಣಗೆ, ಸ್ವಚ್ಛ ಬಿಳಿಯಾಗಿ ಬಿಟ್ಟುಬಂದರೆ ಟೈಟಾನಿಯಂ ಕೆಲಸ ಮಾಡಿಲ್ಲ. ನಿರ್ವಾತ ಕಡಿಮೆಯಿತ್ತು, ಮೈ ಕೊಳೆಯಾಗಿತ್ತು, ಅಥವಾ ಬಿಸಿ ಸಾಲಲಿಲ್ಲ. ಮಾಲಿಬ್ಡಿನಂ ಪದರ ಬೂದು ಹಾಳೆಯಾಗಿ ಎದ್ದುಬಂದರೆ ಸುಡುವಾಗ ಗಾಜು ಏರಿಲ್ಲ. ತೇವವನ್ನೂ ಬಿಸಿಯನ್ನೂ ಪರೀಕ್ಷಿಸಿ. ಮುರಿತ ಬ್ರೇಜಿಂಗ್ ಲೋಹದ ನಡುವೆಯೇ ಹಾದು ಅಲ್ಲಿ ಗುಳಿಗಳು ಕಂಡರೆ, ಆವಿ ಸಿಕ್ಕಿಕೊಂಡಿದೆ ಅಥವಾ ಲೋಹ ಸಾಲಲಿಲ್ಲ.

ಸೋರಿದ ತುಂಡನ್ನು ಮತ್ತೆ ಕುಲುಮೆಗಿಟ್ಟು ಸರಿಮಾಡಬಹುದೇ? ಮಾಲಿಬ್ಡಿನಂ ದಾರಿಯಲ್ಲಾದರೆ ಒಂದು ಸಲ, ಸೋರಿದ ಜಾಗಕ್ಕೆ ಬ್ರೇಜಿಂಗ್ ಲೋಹದ ಚೂರು ಸೇರಿಸಿ ಪ್ರಯತ್ನಿಸಬಹುದು. ಟೈಟಾನಿಯಂ ದಾರಿಯಲ್ಲಿ ಫಲ ಕಡಿಮೆ, ಏಕೆಂದರೆ ಮೊದಲ ಸುತ್ತಿನಲ್ಲೇ ಟೈಟಾನಿಯಂ ಖರ್ಚಾಗಿದೆ. ಸೆರಾಮಿಕ್ ದುಬಾರಿಯಾದದ್ದಾದರೆ ಲೋಹದ ಆಸೆ ಬಿಟ್ಟು ಇಡೀ ತುಂಡನ್ನು ನೈಟ್ರಿಕ್ ಆಮ್ಲದಲ್ಲಿ, ಹೊಗೆ ಎಳೆಯುವ ಗೂಡಿನೊಳಗೆ ನೆನೆಹಾಕಿ. ಬೆಳ್ಳಿ, ತಾಮ್ರ, ಕೋವಾರ್ ಕರಗುತ್ತವೆ, ಅಲ್ಯುಮಿನಾಕ್ಕೆ ಏನೂ ಆಗುವುದಿಲ್ಲ. ಮೈಮೇಲೆ ಉಳಿಯುವ ಕಪ್ಪು ಪದರವನ್ನು ನಯವಾದ ವಜ್ರದ ಚಕ್ರದಲ್ಲಿ ಅರೆದು ತೆಗೆದು, ಮತ್ತೆ 1500ರ ಮೇಲಿನ ಬಿಸಿಯಲ್ಲಿ ಸುಟ್ಟು, ಬಣ್ಣದ ದ್ರಾವಣದಲ್ಲಿ ಬಿರುಕು ನೋಡಿಕೊಂಡು, ಹೊಸ ಬಳೆಯೊಂದಿಗೆ ಮೊದಲಿನಿಂದ ಆರಂಭಿಸಿ.